ಅಲ್ಮಾಟಿಗೆ ಹೊರಟವರು ಊರಿಗೂ ಎರಡು ದಿನ ಇಟ್ಟುಕೊಳ್ಳಿ

ಕಝಕಿಸ್ತಾನದ ಪ್ಯಾಕೇಜ್ ಟೂರ್‌ಗಳ ಪಟ್ಟಿ ನೋಡಿದರೆ ಅಲ್ಮಾಟಿ ನಗರಕ್ಕೆ ಸಿಗುವುದು ಅರ್ಧ ದಿನ. ಉಳಿದದ್ದೆಲ್ಲ ಹಿಮ, ಕೇಬಲ್ ಕಾರು, ಚಾರಿನ್ ಕಣಿವೆ, ಕೋಲ್ಸಾಯ್ ಸರೋವರ. ಅವೆಲ್ಲ ನೋಡಲೇಬೇಕಾದ ಜಾಗಗಳೇ. ಆದರೂ ಊರಿಗೇ ಅಂತ ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. 20 ಲಕ್ಷಕ್ಕೂ ಜಾಸ್ತಿ ಜನರಿರುವ ಅಲ್ಮಾಟಿ ಆ ದೇಶದ ಅತಿ ದೊಡ್ಡ ನಗರ. 1997ರವರೆಗೆ ರಾಜಧಾನಿಯೂ ಅದೇ. ಇಲ್ಲಿನ ಎಷ್ಟೋ ಮನೆತನಗಳ ಹಿರಿಯರನ್ನು ಯಾರೋ ಬಲವಂತವಾಗಿ ರೈಲಿಗೆ ತುಂಬಿ ಈ ಕಡೆಗೆ ಕಳಿಸಿದ್ದರು. ಅಷ್ಟು ತಿಳಿದುಕೊಂಡು ಹೋದರೆ ಮಾರುಕಟ್ಟೆ, ಪಾರ್ಕು, ಚೌಕ ಎಲ್ಲವೂ ಮಾತಾಡಲು ಶುರು ಮಾಡುತ್ತವೆ.

ಮೊದಲು ಹೋಗುವ ವಿಚಾರ. 2022ರಿಂದ ಭಾರತೀಯರಿಗೆ 14 ದಿನಗಳವರೆಗೆ ವೀಸಾ ಬೇಕಿಲ್ಲ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ. ನಾನು, ನನ್ನ ಹೆಂಡತಿ ಬೆಂಗಳೂರಿನಿಂದ ಹೊರಟು ದೆಹಲಿಯಲ್ಲಿ ವಿಮಾನ ಬದಲಿಸಿದೆವು. ದೆಹಲಿಯಿಂದ ಅಲ್ಮಾಟಿ ದೂರವೇನಲ್ಲ, ಒಂದು ನಿದ್ದೆ ಮುಗಿಯುವಷ್ಟರಲ್ಲಿ ಟಿಯಾನ್ ಶಾನ್ ಬೆಟ್ಟಗಳು ಕಾಣುತ್ತವೆ. ಅಲ್ಲಿನ ಗಡಿಯಾರ ನಮಗಿಂತ ಅರ್ಧ ಗಂಟೆ ಹಿಂದೆ. ವಿಮಾನ ನಿಲ್ದಾಣದ ಬಾಗಿಲಲ್ಲೇ ಟ್ಯಾಕ್ಸಿಯವರು ಸುತ್ತಿಕೊಳ್ಳುತ್ತಾರೆ. ಅವರ ಜೊತೆ ಚೌಕಾಸಿಗೆ ಇಳಿಯದೆ ಯಾಂಡೆಕ್ಸ್ ಗೋ ಆ್ಯಪ್‌ನಲ್ಲಿ ಕಾರು ಕರೆಯಿರಿ. ದಾರಿಗೆ ಟು-ಜಿಐಎಸ್ ಅನ್ನುವ ನಕ್ಷೆಯ ಆ್ಯಪ್ ಹಾಕಿಕೊಳ್ಳಿ, ಬಸ್ಸಿನ ನಂಬರ್ ಸಮೇತ ತೋರಿಸುತ್ತದೆ. ಬಸ್ಸಿಗೂ ಮೆಟ್ರೋಗೂ ಒನಾಯ್ ಕಾರ್ಡ್ ಒಂದೇ ಸಾಕು.

ದಾರಿ ತಪ್ಪುವ ಭಯ ಬೇಡ. ಬೆಟ್ಟ ಯಾವಾಗಲೂ ದಕ್ಷಿಣಕ್ಕೆ, ಊರು ಅಲ್ಲಿಂದ ಉತ್ತರಕ್ಕೆ ಇಳಿಜಾರು. ರಸ್ತೆಗಳೆಲ್ಲ ಗೆರೆ ಎಳೆದಂತೆ ನೇರ. ಅಲ್ಲಿಯವರೂ ಎಡ ಬಲ ಅನ್ನುವುದಕ್ಕಿಂತ "ಮೇಲಕ್ಕೆ ಹೋಗಿ", "ಕೆಳಗೆ ಇಳಿಯಿರಿ" ಅಂತಲೇ ದಾರಿ ಹೇಳುತ್ತಾರೆ. ರಸ್ತೆ ಬದಿಯಲ್ಲಿ ಮೊಣಕಾಲುದ್ದದ ಕಲ್ಲಿನ ಕಾಲುವೆಗಳಿವೆ, ಅರಿಕ್ ಅನ್ನುತ್ತಾರೆ. ಬೆಟ್ಟದ ನೀರು ಅದರಲ್ಲಿ ಹರಿದು ಓಕ್, ಎಲ್ಮ್ ಮರಗಳ ಬುಡ ತೋಯಿಸುತ್ತದೆ. ಬಿಸಿಲಿನಲ್ಲೂ ಕಾಲುದಾರಿ ತಂಪಾಗಿರುವುದಕ್ಕೆ ಅದೇ ಕಾರಣ. ರಾತ್ರಿ ರಸ್ತೆ ದಾಟುವಾಗ ಮಾತ್ರ ನೋಡಿ ಕಾಲಿಡಿ, ಎಷ್ಟೋ ಕಡೆ ಅದಕ್ಕೆ ಮುಚ್ಚಳವಿಲ್ಲ.

ಮೊದಲ ದಿನ ಬೆಳಿಗ್ಗೆ ಜಿಬೆಕ್ ಝೋಲಿ ಮೆಟ್ರೋ ನಿಲ್ದಾಣದಲ್ಲಿ ಇಳಿದು ಪಾನ್ಫಿಲೋವ್ ಪಾರ್ಕಿಗೆ ನಡೆಯಿರಿ. ಪಾರ್ಕಿನ ನಡುವೆ ಹಳದಿ ಗೋಡೆಯ, ಬಣ್ಣದ ಗುಮ್ಮಟಗಳ ಚರ್ಚ್ ಇದೆ. ಪೂರ್ತಿ ಮರದ್ದು. ರಷ್ಯನ್ನರು 1854ರಲ್ಲಿ ಕೋಟೆ ಕಟ್ಟಿ ಈ ಊರಿಗೆ ವೆರ್ನಿ ಅಂತ ಹೆಸರಿಟ್ಟರು. ಅದಕ್ಕೂ ಮೊದಲು ಇದು ಕಝಕ್ ಪಶುಪಾಲಕರ ಹುಲ್ಲುಗಾವಲು. 1887ರ ಭೂಕಂಪದಲ್ಲಿ ಊರಿನ ಇಟ್ಟಿಗೆಯ ಮನೆಗಳು ಬಹುತೇಕ ಎಲ್ಲವೂ ಕುಸಿದವು. ಮರದ ಮನೆಗಳು ತಡೆದುಕೊಂಡವು. ಹಾಗಾಗಿ ಎಂಜಿನಿಯರ್ ಆಂದ್ರೆಯ್ ಝೆಂಕೋವ್ 50 ಮೀಟರಿಗೂ ಎತ್ತರದ ಚರ್ಚನ್ನು ಟಿಯಾನ್ ಶಾನ್ ಸ್ಪ್ರೂಸ್ ಮರದಿಂದಲೇ ಕಟ್ಟಿಸಿದರು. 1907ರಲ್ಲಿ ಕೆಲಸ ಮುಗಿಯಿತು. 1911ರಲ್ಲಿ ಇನ್ನೊಂದು ಭಾರೀ ಭೂಕಂಪವಾದಾಗ ಚರ್ಚ್ ಅಲುಗಾಡಿತು, ಬೀಳಲಿಲ್ಲ. ಒಂದೂ ಮೊಳೆಯಿಲ್ಲದೆ ಕಟ್ಟಿದ್ದು ಅಂತ ಕೆಲವು ಗೈಡ್‌ಗಳು ಹೇಳುತ್ತಾರೆ, ಅದು ಬರೀ ಕಥೆ. ಒಳಗೆ ಕಬ್ಬಿಣದ ಬೋಲ್ಟುಗಳಿವೆ, ಅವೇ ಅದನ್ನು ಹಿಡಿದಿಟ್ಟಿರುವುದು. ಸೋವಿಯತ್ ಕಾಲದಲ್ಲಿ ಇದೊಂದು ಮ್ಯೂಸಿಯಂ. ಈಗ ಮತ್ತೆ ಪೂಜೆ ನಡೆಯುವ ಚರ್ಚ್. ಹೆಂಗಸರು ತಲೆ ಮೇಲೆ ದುಪಟ್ಟಾ ಹಾಕಿಕೊಂಡು ಹೋಗಿ.

ಅದೇ ಪಾರ್ಕಿನ ಇನ್ನೊಂದು ತುದಿಯಲ್ಲಿ ಯುದ್ಧ ಸ್ಮಾರಕ. 1941ರಲ್ಲಿ ಇದೇ ಊರಿನಲ್ಲಿ ಸೇರಿಸಿದ ಪಾನ್ಫಿಲೋವ್ ಡಿವಿಷನ್ ಅನ್ನುವ ಸೇನಾ ತುಕಡಿ ಜರ್ಮನ್ ಸೇನೆಯಿಂದ ಮಾಸ್ಕೋ ಉಳಿಸಲು ಹೋಗಿತ್ತು. ಅದರಲ್ಲಿ ಕಝಕರು, ಕಿರ್ಗಿಝರು, ರಷ್ಯನ್ನರು ಎಲ್ಲರೂ ಇದ್ದರು. ನಾವು ಹೋದಾಗ ಮದುವೆ ಉಡುಪಿನ ಜೋಡಿಯೊಂದು ಬಂದು ಆರದ ಜ್ವಾಲೆಯ ಮುಂದೆ ಹೂವಿಟ್ಟು, ಆಮೇಲೆ ಫೋಟೋಗೆ ನಿಂತಿತು.

ಅಲ್ಲಿಂದ ಗ್ರೀನ್ ಬಜಾರ್‌ಗೆ ಐದು ನಿಮಿಷದ ನಡಿಗೆ. ಸೋಮವಾರ ರಜೆ, ನೆನಪಿರಲಿ. ಈ ಮಾರುಕಟ್ಟೆಯನ್ನು ನಿಧಾನಕ್ಕೆ ನೋಡಿ. ಒಣ ಏಪ್ರಿಕಾಟ್, ಒಣದ್ರಾಕ್ಷಿ, ವಾಲ್‌ನಟ್ ರಾಶಿಗಳ ಹಿಂದೆ ಹೆಚ್ಚಾಗಿ ಉಜ್ಬೆಕ್, ತಾಜಿಕ್ ಮಂದಿ. ಕುದುರೆ ಮಾಂಸ ಮಾರುವ ಸಾಲಿನಲ್ಲಿ ಕಝಕ್ ಹೆಂಗಸರು. ಸಸ್ಯಾಹಾರಿಗಳಿಗೆ ಆ ಸಾಲು ಕಷ್ಟವಾಗಬಹುದು, ಬದಿಯಿಂದ ಸುತ್ತಿಕೊಂಡು ಹೋಗಬಹುದು. ಆದರೆ ಮೂಗು ಮುಚ್ಚಿಕೊಂಡು ಫೋಟೋ ತೆಗೆಯುವುದು ಬೇಡ. ಅದು ಅವರ ಹಬ್ಬದ ಊಟ.

ನಾನು ಜಾಸ್ತಿ ಹೊತ್ತು ನಿಂತದ್ದು ಕೊರಿಯನ್ ಸಲಾಡ್ ಅಂಗಡಿಗಳ ಹತ್ತಿರ. ಬಿಳಿ ಟೋಪಿ ಹಾಕಿದ ಒಬ್ಬ ಅಜ್ಜಿ, ಮುಂದೆ ಗೋಪುರದಂತೆ ಜೋಡಿಸಿದ ಕ್ಯಾರೆಟ್ ಎಳೆಗಳು. ದಾರದಷ್ಟು ಸಣ್ಣಗೆ ಹೆಚ್ಚಿ ವಿನೆಗರ್, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಖಾರದ ಪುಡಿ, ಬಿಸಿ ಎಣ್ಣೆ ಹಾಕಿ ಕಲಸಿದ್ದು. ಒಂದು ಚಿಟಿಕೆ ತೆಗೆದು ನನ್ನ ಹೆಂಡತಿಯ ಅಂಗೈಗೇ ಹಾಕಿದರು. ನಮ್ಮ ಕೋಸಂಬರಿ ತಿಂದ ನಾಲಿಗೆಗೆ ಅದು ಕೂಡಲೇ ಹಿಡಿಸುತ್ತದೆ. ಫೋನಿನ ಅನುವಾದದ ಆ್ಯಪ್ ಹಿಡಿದು, ನಿಮ್ಮವರು ಇಲ್ಲಿಗೆ ಯಾವಾಗ ಬಂದರು ಅಂತ ಕೇಳಿದೆವು. ಅಪ್ಪ ಮಗುವಾಗಿದ್ದಾಗ, ರೈಲಿನಲ್ಲಿ, ಅಂದರು.

ಆ ರೈಲುಗಳು ಹೊರಟದ್ದು 1937ರಲ್ಲಿ. ಜಪಾನಿನ ಪರ ಗೂಢಚರ್ಯೆ ಮಾಡುತ್ತಾರೆ ಅನ್ನುವ ಅನುಮಾನದ ಮೇಲೆ ಸ್ಟಾಲಿನ್ ಸರ್ಕಾರ ಸೋವಿಯತ್ ಒಕ್ಕೂಟದ ದೂರಪೂರ್ವ ಭಾಗದಲ್ಲಿದ್ದ ಸುಮಾರು 1,70,000 ಕೊರಿಯನ್ನರನ್ನು ಎಬ್ಬಿಸಿ ಕಝಕಿಸ್ತಾನ, ಉಜ್ಬೆಕಿಸ್ತಾನಗಳಿಗೆ ಸಾಗಿಸಿತು. ಕೊರಿಯನ್ನರ ಉಪ್ಪಿನಕಾಯಿಯಾದ ಕಿಮ್ಚಿಗೆ ಬೇಕಾದ ಕೋಸು ಇಲ್ಲಿ ಸಿಗುತ್ತಿರಲಿಲ್ಲ, ಕ್ಯಾರೆಟ್ ಸಿಗುತ್ತಿತ್ತು. ಹಾಗೆ ಹುಟ್ಟಿದ ಸಲಾಡ್ ಇದು. 1941ರಲ್ಲಿ ವೋಲ್ಗಾ ಜರ್ಮನ್ನರು, 1944ರಲ್ಲಿ ಚೆಚೆನ್ನರು ಇದೇ ರೀತಿ ಕಝಕಿಸ್ತಾನಕ್ಕೆ ಬಂದಿಳಿದರು. ಬರಿಗೈಲಿ ಬಂದ ಎಷ್ಟೋ ಜನರನ್ನು ಕಝಕ್ ಕುಟುಂಬಗಳು ತಮ್ಮ ರೊಟ್ಟಿಯಲ್ಲಿ ಪಾಲು ಕೊಟ್ಟು ಉಳಿಸಿಕೊಂಡವು ಅನ್ನುವ ಮಾತು ಈಗಲೂ ಅಲ್ಲಿ ಕೇಳಸಿಗುತ್ತದೆ. ಅದೂ ಯಾವ ಕಾಲದಲ್ಲಿ? 1930ರಿಂದ 33ರವರೆಗೆ ಅಲೆಮಾರಿಗಳ ದನಕರು, ಕುರಿ, ಕುದುರೆಗಳನ್ನು ಸರ್ಕಾರ ಕಿತ್ತುಕೊಂಡದ್ದರಿಂದ ಬಂದ ಕ್ಷಾಮದಲ್ಲಿ 10 ಲಕ್ಷಕ್ಕೂ ಹೆಚ್ಚು ಕಝಕರು ಸತ್ತ ಮೇಲೆ. 1959ರ ಜನಗಣತಿ ಹೊತ್ತಿಗೆ ತಮ್ಮದೇ ನಾಡಿನಲ್ಲಿ ಅವರು ಶೇ 30ರಷ್ಟು ಮಾತ್ರ ಉಳಿದಿದ್ದರು.

ಎರಡನೇ ದಿನ ರಿಪಬ್ಲಿಕ್ ಚೌಕಕ್ಕೆ ಹೋಗುವಾಗ ಈ ಲೆಕ್ಕ ತಲೆಯಲ್ಲಿರಲಿ. ಅಬಾಯ್ ಮೆಟ್ರೋ ನಿಲ್ದಾಣದಿಂದ ಬೆಟ್ಟದ ಕಡೆಗೆ ಏರುತ್ತಾ ನಡೆದರೆ ಚೌಕ ಸಿಗುತ್ತದೆ. ರೆಕ್ಕೆಯ ಹಿಮಚಿರತೆಯ ಮೇಲೆ ನಿಂತ ಚಿನ್ನದ ಯೋಧನ ಕಂಬದ ಮುಂದೆ ಎಲ್ಲರೂ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಹತ್ತಿರದ ಇಸ್ಸಿಕ್‌ನಲ್ಲಿ 1969ರಲ್ಲಿ ಸಿಕ್ಕ ಶಕರ ಕಾಲದ ಸಮಾಧಿಯಿಂದ ಬಂದ ರೂಪ ಅದು. ಆದರೆ ಈ ಚೌಕದ ದೊಡ್ಡ ಕಥೆ 1986ರ ಡಿಸೆಂಬರಿನದು. 20 ವರ್ಷಕ್ಕೂ ಹೆಚ್ಚು ಕಾಲ ಕಝಕಿಸ್ತಾನ ನಡೆಸಿದ್ದ ಕಝಕ್ ನಾಯಕ ದಿನ್‌ಮುಹಮೆದ್ ಕುನಾಯೆವ್ ಅವರನ್ನು ತೆಗೆದು, ಇಲ್ಲಿ ಯಾವತ್ತೂ ಕೆಲಸ ಮಾಡಿರದ ರಷ್ಯಾದ ಗೆನ್ನಾದಿ ಕೋಲ್ಬಿನ್ ಅವರನ್ನು ಮಾಸ್ಕೋ ಕೂರಿಸಿತು. ಡಿಸೆಂಬರ್ 17ರಂದು ಕಝಕ್ ವಿದ್ಯಾರ್ಥಿಗಳು, ಯುವ ಕಾರ್ಮಿಕರು ಆ ಚಳಿಯಲ್ಲಿ ಇಲ್ಲಿ ಸೇರಿದರು. ಪೊಲೀಸರು, ಸೈನಿಕರು ಹೊಡೆದು ಚದುರಿಸಿದರು. ಎಷ್ಟೋ ಹುಡುಗ ಹುಡುಗಿಯರು ಜೈಲಿಗೆ ಹೋದರು, ಕಾಲೇಜಿನಿಂದ ಹೊರಬಿದ್ದರು. ಐದು ವರ್ಷದ ನಂತರ, 1991ರ ಡಿಸೆಂಬರ್ 16ರಂದು ದೇಶ ಸ್ವತಂತ್ರವಾಯಿತು. ಅದೇ 21ರಂದು ಇದೇ ಊರಿನಲ್ಲಿ 11 ಗಣರಾಜ್ಯಗಳ ನಾಯಕರು ಸೇರಿ, ಸೋವಿಯತ್ ಒಕ್ಕೂಟ ಇನ್ನಿಲ್ಲ ಎಂದು ಸಹಿ ಹಾಕಿದರು. ಚೌಕದಿಂದ ಸ್ವಲ್ಪವೇ ದೂರದಲ್ಲಿ 1986ರ ಯುವಕರ ಸ್ಮಾರಕವಿದೆ. ಟೂರ್ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ, ನೀವು ನಡೆದು ಹೋಗಿ ನೋಡಿ. 2022ರ ಜನವರಿಯ ಗಲಭೆಯಲ್ಲಿ ಸುಟ್ಟ ನಗರಾಡಳಿತದ ಕಟ್ಟಡವೂ ಇದೇ ಚೌಕದ ಎದುರಿನದು. ಆ ವಿಷಯ ಅಲ್ಲಿಯವರಿಗೆ ಇನ್ನೂ ಹಸಿ ಗಾಯ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ.

ಅಬಾಯ್ ರಸ್ತೆಯ ತುದಿಯಲ್ಲಿ ಅಗಲವಾದ ಚಾವಣಿಯ ರಿಪಬ್ಲಿಕ್ ಅರಮನೆ ಅನ್ನುವ ಸಭಾಂಗಣ ಇದೆ. ನಿಮ್ಮಲ್ಲಿ ಯಾರಾದರೂ ನರ್ಸಿಂಗ್, ಮೆಡಿಕಲ್ ಓದಿದ್ದರೆ, ಆಶಾ ಕಾರ್ಯಕರ್ತೆಯಾಗಿದ್ದರೆ ಇಲ್ಲಿ ಎರಡು ನಿಮಿಷ ನಿಲ್ಲಲೇಬೇಕು. ಪಠ್ಯದಲ್ಲಿ ಓದುವ 1978ರ ಆಲ್ಮಾ-ಅಟಾ (ಅಲ್ಮಾಟಿಯ ಆಗಿನ ಹೆಸರು) ಘೋಷಣೆಯ ಸಮ್ಮೇಳನ ನಡೆದದ್ದು ಇದರೊಳಗೆ. ಪ್ರಾಥಮಿಕ ಆರೋಗ್ಯ ಸೇವೆ ಎಲ್ಲರ ಹಕ್ಕು ಅಂತ 134 ದೇಶಗಳ ಪ್ರತಿನಿಧಿಗಳು ಒಪ್ಪಿದ ಜಾಗ. ನನ್ನ ಹೆಂಡತಿ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್. ಇಡೀ ಪ್ರವಾಸದಲ್ಲಿ ಅವಳು ತಾನಾಗಿ ಕೇಳಿ ತೆಗೆಸಿಕೊಂಡ ಫೋಟೋ ಇದೊಂದೇ.

ಊಟದ ಬಗ್ಗೆ ತುಂಬ ಜನ ಕೇಳುತ್ತಾರೆ. ಮಾಂಸಾಹಾರಿಗಳಿಗೆ ಬೇಯಿಸಿದ ಮಾಂಸ, ಅಗಲ ನೂಡಲ್ಸ್ ಸೇರಿದ ಬೆಶ್‌ಬರ್ಮಾಕ್ ಇದೆ, ಉಯ್ಗುರ್ ಹೋಟೆಲ್‌ಗಳ ಲಗ್ಮಾನ್ ಇದೆ, ಕೈಯಲ್ಲೇ ಎಳೆದು ಮಾಡುವ ನೂಡಲ್ಸ್ ಅದು. ಸಸ್ಯಾಹಾರಿಗಳು ಕುಂಬಳಕಾಯಿ ಹೂರಣದ ಸಮ್ಸಾ (ಒಲೆಯಲ್ಲಿ ಸುಟ್ಟ ಸಮೋಸಾ), ಮಂತಿ (ಹಬೆಯಲ್ಲಿ ಬೇಯಿಸಿದ ಕಡುಬು) ಕೇಳಿ. ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ, ಬೌರ್ಸಾಕ್, ಎಲ್ಲೆಡೆ ಸಿಗುತ್ತದೆ. ರಷ್ಯನ್ ಭಾಷೆಯಲ್ಲಿ "ಬೆಜ್ ಮ್ಯಾಸಾ" ಅಂದರೆ ಮಾಂಸವಿಲ್ಲದ್ದು. ಆದರೂ ಸಾರಿನ ನೀರು, ಕೊಬ್ಬು ಸೇರಿರಬಹುದು, ಪಕ್ಕಾ ಸಸ್ಯಾಹಾರಿಗಳು ಬಿಡಿಸಿ ಕೇಳಬೇಕು. ಈ ಊರಲ್ಲಿ ಓದುವ ನಮ್ಮ ದೇಶದ ಮೆಡಿಕಲ್ ವಿದ್ಯಾರ್ಥಿಗಳು ಬಹಳ ಜನ ಇದ್ದಾರೆ, ಹಾಗಾಗಿ ಭಾರತೀಯ ಹೋಟೆಲ್ ಹುಡುಕುವುದೂ ಕಷ್ಟವಲ್ಲ.

ಇಷ್ಟಾದ ಮೇಲೆ ಬೆಟ್ಟಕ್ಕೆ ಹೋಗಿ. ರಿಪಬ್ಲಿಕ್ ಅರಮನೆಯ ಹತ್ತಿರದಿಂದಲೇ 12ನೇ ನಂಬರ್ ಬಸ್ಸು ಬೆಟ್ಟದ ಕಣಿವೆಯಲ್ಲಿರುವ ಐಸ್ ಸ್ಕೇಟಿಂಗ್ ಮೈದಾನ ಮೆದೆವುಗೆ ಹೋಗುತ್ತದೆ, ಟ್ಯಾಕ್ಸಿ ಬೇಕಿಲ್ಲ. ಮೈದಾನದ ಹಿಂದಿನ ಮೆಟ್ಟಿಲು ಹತ್ತಿದರೆ ದೊಡ್ಡ ಕಟ್ಟೆ ಸಿಗುತ್ತದೆ. ಅದು ನೀರು ನಿಲ್ಲಿಸುವ ಅಣೆಕಟ್ಟಲ್ಲ, ಕೆಸರು ಪ್ರವಾಹ ತಡೆಯುವ ಗೋಡೆ. 1921ರಲ್ಲಿ ಬೆಟ್ಟದಿಂದ ಕೆಸರು, ಬಂಡೆ ನುಗ್ಗಿ ಊರಿನಲ್ಲಿ ನೂರಾರು ಜನ ಸತ್ತಿದ್ದರು. 1960ರ ದಶಕದಲ್ಲಿ ಬೆಟ್ಟದ ಬದಿಗಳನ್ನೇ ಸಿಡಿಸಿ ಕಣಿವೆಗೆ ಅಡ್ಡ ಹಾಕಿದರು, 1973ರಲ್ಲಿ ಬಂದ ಪ್ರವಾಹವನ್ನು ಇದೇ ಕಟ್ಟೆ ತಡೆಯಿತು. ಮೆಟ್ಟಿಲು 800ಕ್ಕೂ ಹೆಚ್ಚು, ಮಂಡಿ ನೋವಿರುವವರು ಕೆಳಗಿನಿಂದಲೇ ನೋಡಿ.

ಯಾವಾಗ ಹೋಗಬೇಕು ಅಂದರೆ ಸೆಪ್ಟೆಂಬರ್ ಕೊನೆ ಅನ್ನುತ್ತೇನೆ. ಸೇಬಿನ ಕಾಲ ಅದು. ನಾವು ತಿನ್ನುವ ಸೇಬಿನ ಕಾಡು ಪೂರ್ವಜ ಇನ್ನೂ ಈ ಬೆಟ್ಟಗಳಲ್ಲೇ ಬೆಳೆಯುತ್ತದೆ, ಅಂಗೈ ತುಂಬುವ ಅಪೋರ್ಟ್ ತಳಿ ಬಜಾರಿಗೆ ಬರುವುದೂ ಆಗಲೇ. ಚಳಿಗಾಲದಲ್ಲಿ ಹಿಮ ಚೆಂದ, ಆದರೆ ಕಲ್ಲಿದ್ದಲಿನ ಹೊಗೆ ಊರಿನ ಮೇಲೆ ಕವಿದಿರುತ್ತದೆ. ಉಸಿರಾಟದ ತೊಂದರೆ ಇರುವವರು ಡಿಸೆಂಬರ್, ಜನವರಿ ಬಿಟ್ಟು ಬೇರೆ ತಿಂಗಳಿಗೆ ಟಿಕೆಟ್ ಮಾಡಿ.