ರೋಡ್ ಸೀನಿನ ಹಿಂದೆ

ನಮ್ಮ ಕಾಲೇಜಿನ ನಾಟಕ ತಂಡದಲ್ಲಿ ಎರಡು ಬಗೆಯ ಮಾತು ಒಟ್ಟಿಗೇ ನಡೆಯುತ್ತಿತ್ತು. ಅಂಕದ ಪರದೆ, ರೋಡ್ ಸೀನ್, ದರ್ಬಾರ್ ಸೀನ್, ಝಾಲರಿ (ಮೇಲೆ ಅಡ್ಡಕ್ಕೆ ಇಳಿಬಿಡುವ ಬಟ್ಟೆಯ ಪಟ್ಟಿ), ತಾಲೀಮು – ಇವು ಕಂಪನಿ ನಾಟಕದವರ ಮಾತು. ರಂಗಸಜ್ಜಿಕೆ, ಪರಿಕರ, ಪ್ರಸಾಧನ (ಮೇಕಪ್), ಬ್ಲಾಕಿಂಗ್ (ಯಾರು ಎಲ್ಲಿ ನಿಲ್ಲಬೇಕು, ಎತ್ತ ನಡೆಯಬೇಕು ಎಂಬ ಲೆಕ್ಕ) – ಇವು ರಂಗ ತರಬೇತಿ ಶಿಬಿರಗಳಿಂದ ಬಂದವು. ದಾವಣಗೆರೆಯಲ್ಲಿ ಹೀಗಾಗದೆ ಇನ್ನೆಲ್ಲಿ ಆದೀತು? 1988ರಲ್ಲಿ ಪದ್ಮಶ್ರೀ ಪಡೆದ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇದೇ ಊರಿನದು. ಅತ್ತ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಿಂದ 1997ರಲ್ಲಿ ಶಿವಸಂಚಾರ ಎಂಬ ತಿರುಗಾಟದ ನಾಟಕ ತಂಡ ಹೊರಟಿತು. ಎರಡೂ ಕಡೆಯ ಪದಗಳು ನಮ್ಮ ತಾಲೀಮಿನೊಳಗೆ ಬಂದು ಕೂತವು. ತಂಡಕ್ಕೆ ಹೊಸದಾಗಿ ಸೇರುವವರು ಸಂಭಾಷಣೆಗಿಂತ ಮೊದಲು ಇವನ್ನು ಕಲಿಯಬೇಕು. ಪರದೆ ಹಿಂದಿನ ಕತ್ತಲಲ್ಲಿ ವಿವರಿಸಿ ಹೇಳುವಷ್ಟು ಪುರಸೊತ್ತು ಯಾರಿಗೂ ಇರುವುದಿಲ್ಲ.

ಮೊದಲು ಎಡ, ಬಲ. ರಂಗದ ಮೇಲೆ ಬಲ ಅಂದರೆ ಪ್ರೇಕ್ಷಕರ ಕಡೆ ಮುಖ ಮಾಡಿ ನಿಂತ ನಟನ ಬಲ. ಎದುರು ಕೂತ ನಿರ್ದೇಶಕರಿಗೆ ಅದು ಎಡಗೈ ಕಡೆ. ಇದು ಗೊಂದಲವಾದರೆ ಪ್ರವೇಶ ಮಾಡುವವನೂ ನಿಷ್ಕ್ರಮಿಸುವವನೂ ಒಂದೇ ವಿಂಗಿನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಡಿಕ್ಕಿ ಹೊಡೆಯುತ್ತಾರೆ.

ರೋಡ್ ಸೀನನ್ನು ನಮ್ಮ ಹುಡುಗರು ಹಳೇಕಾಲದ ಬೀದಿಚಿತ್ರ ಎಂದು ನಗುತ್ತಿದ್ದರು. ಅದರ ಕೆಲಸ ಗೊತ್ತಾದರೆ ನಗು ನಿಲ್ಲುತ್ತದೆ. ಈ ಪರದೆಯನ್ನು ರಂಗದ ಮುಂಭಾಗದಲ್ಲೇ, ನಾಲ್ಕೈದು ಅಡಿ ಮಾತ್ರ ಜಾಗ ಬಿಟ್ಟು ಇಳಿಸುತ್ತಾರೆ. ಮುಂದೆ ಹಾಸ್ಯಪಾತ್ರದವರು ಮಾತಿಗೆ ಮಾತು ಬೆಳೆಸುತ್ತಿದ್ದರೆ, ಹಿಂದೆ ಸಿಂಹಾಸನ, ಮೆಟ್ಟಿಲು, ಕಂಬ ಎಲ್ಲ ಜೋಡಣೆಯಾಗುತ್ತವೆ. ಹಾಗಾಗಿ ಕಂಪನಿ ನಾಟಕದಲ್ಲಿ ದೊಡ್ಡ ದೃಶ್ಯಗಳ ನಡುವೆ ಹಾಸ್ಯ ಬರುವುದು ಜನರನ್ನು ನಗಿಸುವುದಕ್ಕೆ ಮಾತ್ರವಲ್ಲ. ಅದನ್ನು ‘ಕಥೆಗೆ ಸಂಬಂಧವಿಲ್ಲ’ ಎಂದು ಕತ್ತರಿಸಿದ ತಂಡಗಳು ದರ್ಬಾರ್ ಸಿದ್ಧವಾಗುವವರೆಗೆ ಖಾಲಿ ಪರದೆ ತೋರಿಸಿಕೊಂಡು ಕೂರಬೇಕಾಗುತ್ತದೆ. ಕತ್ತರಿಸಲೇಬೇಕೆಂದರೆ ಮೊದಲು ಹಿಂದಿನ ಜೋಡಣೆಗೆ ಎಷ್ಟು ನಿಮಿಷ ಬೇಕೆಂದು ಗಡಿಯಾರ ಹಿಡಿದು ನೋಡಿ.

ಸುತ್ತುವ ಪರದೆಯ ಕೆಳ ಅಂಚಿಗೆ ಬಿದಿರಿನ ಗಳ ಇರುತ್ತದೆ. ಎರಡು ತುದಿಯ ಹಗ್ಗಗಳೂ ಮೇಲಿನ ರಾಟೆ ಹಾದು ಒಂದೇ ಪಕ್ಕಕ್ಕೆ, ಒಬ್ಬನ ಕೈಗೇ ಬರಬೇಕು. ಆ ಕಡೆಗೊಬ್ಬ ಈ ಕಡೆಗೊಬ್ಬ ನಿಂತರೆ ಒಬ್ಬನ ಎಳೆತ ಮುಂದಾಗಿ ಗಳ ಓರೆಯಾಗುತ್ತದೆ, ವಿಂಗಿಗೆ ಸಿಕ್ಕಿಕೊಳ್ಳುತ್ತದೆ. ವಿಂಗು ಕಟ್ಟಿದ ಮೇಲೆ ಮೊದಲ ಸಾಲಿನ ಎರಡೂ ತುದಿಯ ಕುರ್ಚಿಗಳಲ್ಲಿ ಕೂತು ನೋಡಬೇಕು. ಅಲ್ಲಿಂದ ಒಳಗಿನವರು ಕಂಡರೆ ವಿಂಗನ್ನು ಇನ್ನಷ್ಟು ಒಳಕ್ಕೆ ತನ್ನಿ.

ಪ್ರಾಂಪ್ಟರ್ ಕೆಲಸಕ್ಕೆ, ಅಂದರೆ ನಟ ಮರೆತ ಮಾತನ್ನು ಮರೆಯಿಂದ ನೆನಪಿಸುವ ಕೆಲಸಕ್ಕೆ, ಪಾತ್ರ ಸಿಗದವನನ್ನು ಕೂರಿಸುವ ಚಾಳಿ ಬಿಡಬೇಕು. ಪೂರ್ತಿ ವಾಕ್ಯ ಓದಿಕೊಡುವುದು ಪ್ರಾಂಪ್ಟಿಂಗ್ ಅಲ್ಲ. ಮೊದಲ ಎರಡು ಪದ, ಮೆಲ್ಲಗೆ, ಸ್ಪಷ್ಟವಾಗಿ, ಅಷ್ಟೇ. ನಟ ಬೇಕೆಂದೇ ಮೌನವಾಗಿರುವ ಜಾಗಗಳಿಗೆ ನಾಟಕದ ಕಾಪಿಯಲ್ಲಿ ಕೆಂಪು ಗೆರೆ ಹಾಕಿಕೊಳ್ಳದಿದ್ದರೆ, ಪ್ರಾಂಪ್ಟರ್ ಒಳ್ಳೆಯ ಮೌನವೊಂದನ್ನು ಮರೆವು ಅಂದುಕೊಂಡು ಕೆಡಿಸುತ್ತಾನೆ. ತೂಗುಮೈಕಿನ ಪಕ್ಕ ಕೂತರಂತೂ ಹಿಂದಿನ ಸಾಲಿನವರಿಗೂ ಅವನದೇ ಸಂಭಾಷಣೆ.

ಬೆಳಕಿಗೆ ಲೆಕ್ಕ ಬೇಕು. 1000 ವ್ಯಾಟಿನ ಒಂದು ದೀಪ 230 ವೋಲ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 15 ಆಂಪಿಯರಿನ ಸಾಕೆಟ್ಟಿಗೆ ಮೂರು ದೀಪ ಸರಿ. ನಾಲ್ಕನೆಯದು ಹಾಕಿದರೆ ಹೊರೆ ಮಿತಿ ಮೀರುತ್ತದೆ, ಫ್ಯೂಸ್ ನಂಬುವಂತಿಲ್ಲ. ಹ್ಯಾಲೊಜನ್ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಗಾಜು ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ನೇರ ಎದುರಿನಿಂದ ಬಿಟ್ಟ ಬೆಳಕಿಗೆ ಮುಖ ಚಪ್ಪಟೆ, ನೆತ್ತಿಯ ಮೇಲಿನಿಂದ ಬಿಟ್ಟರೆ ಕಣ್ಣು ಗುಳಿ. ಎರಡೂ ಪಕ್ಕದಿಂದ ಸುಮಾರು 45 ಡಿಗ್ರಿ ಓರೆಯಲ್ಲಿ ಬಂದರೆ ಮುಖಕ್ಕೆ ಉಬ್ಬುತಗ್ಗು ಸಿಗುತ್ತದೆ.

ಬಣ್ಣ ಹಚ್ಚುವವರು ಮೊದಲು ದೀಪದವರನ್ನು ಕೇಳಬೇಕು. ಕೆಂಪು ಬೆಳಕಿನಲ್ಲಿ ಕೆನ್ನೆಯ ಕೆಂಪು ಕಾಣೆಯಾಗುತ್ತದೆ, ಹಸಿರಿನಲ್ಲಿ ಅದೇ ಕೆಂಪು ಕಪ್ಪಾಗುತ್ತದೆ. ಮೇಕಪ್ ರೂಮಿನ ಟ್ಯೂಬ್‌ಲೈಟ್ ನಂಬಿ ಕನ್ನಡಿ ನೋಡಿದವರು ರಂಗದ ಮೇಲೆ ಬೇರೆಯೇ ಮುಖ ಹೊತ್ತಿರುತ್ತಾರೆ. ಮೀಸೆಗೆ ಸ್ಪಿರಿಟ್ ಗಮ್ (ಮೇಕಪ್ಪಿನ ಅಂಟು) ಹಚ್ಚಿದ ತಕ್ಷಣ ಕ್ರೇಪ್ ಕೂದಲು (ಮೀಸೆ, ಗಡ್ಡ ಮಾಡುವ ಕೃತಕ ಕೂದಲು) ಒತ್ತಬೇಡಿ. ಬೆರಳಿಗೆ ಜಿಗುಟು ಹತ್ತುವವರೆಗೆ ಕಾಯಿರಿ. ಮೊದಲೇ ಎಣ್ಣೆ ಬಳಿದ ಚರ್ಮಕ್ಕೆ ಅದು ಅಂಟುವುದಿಲ್ಲ. ನಮ್ಮೂರ ಏಪ್ರಿಲ್ ಸೆಕೆಯಲ್ಲಿ ಬೆವರೂ ಸೇರಿದರೆ ದುರ್ಯೋಧನನ ಮೀಸೆ ಎರಡನೇ ಅಂಕದಲ್ಲೇ ಜೋತಾಡುತ್ತದೆ. ಅಂಟಿಸುವ ಮುಂಚೆ ಮುಖ ತೊಳೆದು ಒರೆಸಿ. ತೆಗೆಯುವಾಗ ಮಾತ್ರ ಕೊಬ್ಬರಿ ಎಣ್ಣೆ. ಸ್ಪಿರಿಟ್ ಗಮ್ಮಿಗೆ ಬೇಗ ಬೆಂಕಿ ಹತ್ತುತ್ತದೆ. ಅದರ ಬಾಟಲಿಯನ್ನು ರಂಗಪೂಜೆಯ ಕರ್ಪೂರದ ತಟ್ಟೆಯಿಂದ ದೂರ ಇಡಿ.