ರೈಲು, ಬಿಸಿಲು, ತಾಜ್ ಮಹಲ್

ಉಡುಪಿಯಿಂದ ಆಗ್ರಾಕ್ಕೆ ರೈಲಿನಲ್ಲಿ ಹೋದವರಿಗೇ ಗೊತ್ತು ಆ ಸುಸ್ತು. ನಮ್ಮ ವಠಾರದ ಹೆಂಗಸರು, ಮಕ್ಕಳು, ಮಂಡಿನೋವಿನ ದೊಡ್ಡಮ್ಮ, ಎಲ್ಲರೂ ಸ್ಲೀಪರ್‌ನಲ್ಲಿ. ಅದೂ ಮೇ ತಿಂಗಳಲ್ಲಿ. ರತ್ನಾಗಿರಿ ಹತ್ತಿರದ ಕರ್ಬುಡೆ ಸುರಂಗದವರೆಗೂ ಮಕ್ಕಳದ್ದು ಭಾರೀ ಗೌಜಿ. ಆರೂವರೆ ಕಿಲೋಮೀಟರ್ ಕತ್ತಲೆ ಅಲ್ವಾ, ಕೂಗಿದ್ದೇ ಕೂಗಿದ್ದು. ಭೂಸಾವಳ ದಾಟಿದ ಮೇಲೆ ಯಾರಿಗೂ ಮಾತೇ ಬೇಡವಾಯಿತು. ಕಿಟಕಿಯ ಸರಳು ಮುಟ್ಟಿದರೆ ಸುಡುತ್ತಿತ್ತು. ತಲೆಗೆ ಹಾಕಿಕೊಂಡ ಒದ್ದೆ ಟವೆಲ್ ನೋಡನೋಡುತ್ತಲೇ ಒಣಗುತ್ತಿತ್ತು. ಚಪಾತಿ ಖಾಲಿಯಾಗಿ ಉಳಿದದ್ದು ಅವಲಕ್ಕಿ, ಮಿಡಿ ಉಪ್ಪಿನಕಾಯಿ. ದೊಡ್ಡಮ್ಮನ ಕಾಲು ಊದಿ ಚಪ್ಪಲಿಯೊಳಗೇ ಹೋಗುತ್ತಿರಲಿಲ್ಲ. "ಇನ್ನೆಷ್ಟು ದೂರ ಮಾರಾಯ್ತಿ?" ಎಂದು ಅವರು ಕೇಳಿದಾಗ ನನಗೆ ಅಳುವೇ ಬಂತು.

ಶುಕ್ರವಾರ ತಾಜ್ ಮಹಲ್‌ಗೆ ರಜೆ. ಶನಿವಾರ ಬೆಳಿಗ್ಗೆ ಹೋದೆವು. ಎಲ್ಲರೂ ಫೋಟೋ ತೆಗೆಯಲು ಓಡಿದರು. ದೊಡ್ಡಮ್ಮ ಮಾತ್ರ ಗೋಡೆಯ ಹತ್ತಿರ ನಿಂತುಬಿಟ್ಟರು. ಬಿಳಿ ಅಮೃತಶಿಲೆಯನ್ನು ಕೊರೆದು, ಬಣ್ಣದ ಕಲ್ಲು ಕೂರಿಸಿ ಮಾಡಿದ ಹೂವು, ಬಳ್ಳಿ. ವರ್ಷಗಟ್ಟಲೆ ಬೀಡಿ ಕಟ್ಟಿದ ಬೆರಳಿನಿಂದ ಒಂದು ಎಸಳನ್ನು ಮೆಲ್ಲ ಸವರಿದರು. "ಸಂದು ಎಲ್ಲುಂಟು ನೋಡು, ಬೆರಳಿಗೆ ಸಿಗುವುದೇ ಇಲ್ಲ. ಇದನ್ನು ಕೂರಿಸಿದವರ ಕಣ್ಣು ಎಷ್ಟು ನೊಂದಿರಬೇಕು!"

ಶಹಜಹಾನ್, ಮುಮ್ತಾಜ್, 1632ರಲ್ಲಿ ಕೆಲಸ ಶುರುವಾದದ್ದು, ಇದೆಲ್ಲ ಶಾಲೆಯಲ್ಲೇ ಕಲಿತದ್ದು. ಈಗ ನನಗೆ ಆ ಕೆಲಸದವರೇ ಜಾಸ್ತಿ ನೆನಪಾಗುತ್ತಾರೆ. ನಮ್ಮ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲೂ ಹಾಗೇ ಅಲ್ವಾ? ಕಂಬಗಳಲ್ಲಿ ಅಷ್ಟೊಂದು ಕೆತ್ತನೆ, ಆದರೆ ಕೆತ್ತಿದ ಕೈ ಯಾರದ್ದೋ. ದೊಡ್ಡಮ್ಮನ ಕಾಲು ಸರಿಯಾದ ಕೂಡಲೇ ಅಲ್ಲಿಗೆ ಹೋಗುವುದೆಂದು ಮಾತಾಗಿದೆ. ಬರುವವರು ಹೇಳಿ, ಬಸ್ಸಿನಲ್ಲೇ ಹೋಗಿಬರೋಣ.