ಲಾಗ, ನೆಗೆತ ಮತ್ತು ಎಳೆಯ ಎಲುಬು

ಅಣ್ಣನ ಮಗಳನ್ನು ಜಿಮ್ನಾಸ್ಟಿಕ್ಸ್ ತರಬೇತಿಗೆ ಸೇರಿಸಿದ ಸುದ್ದಿ ತಿಳಿದಾಗಿನಿಂದ ದಾವಣಗೆರೆಯ ನಮ್ಮ ಬಡಾವಣೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ, ‘ಹುಡುಗಿ ಗಿಡ್ಡಗೇ ಉಳಿತಾಳಂತಲ್ರೀ?’ ಎಂಬುದು. ಒಲಿಂಪಿಕ್ಸ್ ಪಟುಗಳನ್ನು ಟಿ.ವಿ.ಯಲ್ಲಿ ಕಂಡವರಿಗೆ ಹಾಗನ್ನಿಸುವುದು ಸಹಜವೇ. ಆದರೆ ಗಾಳಿಯಲ್ಲಿ ವೇಗವಾಗಿ ಸುತ್ತಲು ಗಿಡ್ಡ ಮೈಕಟ್ಟು ಅನುಕೂಲವಾದ್ದರಿಂದ ಅಂಥವರೇ ಮೇಲಿನ ಹಂತಕ್ಕೇರಿ ಉಳಿಯುತ್ತಾರೆ. ವಾರಕ್ಕೆ ಎರಡು ಮೂರು ಸಂಜೆ ಲಾಗ ಹಾಕಿದ್ದರಿಂದ ಮಗುವಿನ ಎತ್ತರ ಕುಗ್ಗುತ್ತದೆ ಎನ್ನಲು ಆಧಾರವಿಲ್ಲ.

ನಿಜವಾಗಿ ಬದಲಾಗುವುದು ಬೇರೆ. ಏಳೆಂಟು ವರ್ಷದ ಮಗು ಕೆಲವು ತಿಂಗಳ ಅಭ್ಯಾಸದ ಬಳಿಕ ಕಂಬಿಗೆ ಮೊದಲಿಗಿಂತ ಹೆಚ್ಚು ಹೊತ್ತು ಜೋತಾಡಬಲ್ಲದು, ಆದರೆ ಅದರ ತೋಳೇನೂ ದಪ್ಪಗಾಗಿರುವುದಿಲ್ಲ. ಸ್ನಾಯು ಉಬ್ಬಲು ಬೇಕಾದ ಹಾರ್ಮೋನುಗಳು ಹರೆಯಕ್ಕೆ ಮೊದಲು ಸಾಕಷ್ಟು ಇರುವುದಿಲ್ಲ. ಇರುವ ಸ್ನಾಯುವಿನ ಎಳೆಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ತಕ್ಕ ಕ್ಷಣದಲ್ಲಿ ದುಡಿಸಿಕೊಳ್ಳುವುದನ್ನು ನರಮಂಡಲ ಕಲಿಯುತ್ತದೆ, ಬಲ ಹೆಚ್ಚುವುದು ಮುಖ್ಯವಾಗಿ ಅದರಿಂದ. ಕುಸ್ತಿಗೆ ಹೆಸರಾದ ಈ ಊರಿನಲ್ಲಿ ಗರಡಿಯ ಹುಡುಗರ ತೋಳು ತೊಡೆಗಳನ್ನು ನೋಡಿ ತಾಲೀಮಿನ ಫಲವನ್ನು ಅಳೆಯುವ ರೂಢಿಯಿದೆ. ಆ ಅಳತೆ ಚಿಕ್ಕ ಮಕ್ಕಳಿಗೆ ಸಲ್ಲದು.

ಇದಕ್ಕಿಂತ ದೊಡ್ಡ ಲಾಭ ಎಲುಬಿನದು. ನೆಗೆದು ನೆಲಕ್ಕಿಳಿಯುವಾಗ ಕಾಲುಗಳ ಮೇಲೆ ದೇಹತೂಕದ ಹಲವು ಪಟ್ಟು ಹೊರೆ ಬೀಳುತ್ತದೆ, ಆ ಹೊರೆಗೆ ಹೊಂದಿಕೊಳ್ಳಲು ಎಳೆಯ ಎಲುಬು ಖನಿಜಾಂಶವನ್ನು ತುಂಬಿಕೊಂಡು ಗಟ್ಟಿಯಾಗುತ್ತದೆ. ಈಜು, ಸೈಕಲ್ ಸವಾರಿಗಳು ಬೇರೆ ರೀತಿಯಲ್ಲಿ ಒಳ್ಳೆಯವಾದರೂ ಈ ಕೆಲಸವನ್ನು ಇಷ್ಟು ಮಾಡಲಾರವು. ಕೈಯೂರಿ ನಿಲ್ಲುವ ಅಭ್ಯಾಸದಿಂದ ಮುಂಗೈ ಎಲುಬಿಗೂ ಅದೇ ಪ್ರಯೋಜನ ದೊರೆಯುತ್ತದೆ. ಅಪಾಯವಿರುವುದೂ ಅಲ್ಲಿಯೇ: ಮಣಿಕಟ್ಟಿನ ಬಳಿ ಎಲುಬು ಉದ್ದವಾಗಿ ಬೆಳೆಯುವ ಮೃದುವಾದ ಪದರವಿರುತ್ತದೆ, ಬಿಡುವಿಲ್ಲದ ಅಭ್ಯಾಸದಿಂದ ಅದಕ್ಕೆ ಪೆಟ್ಟಾಗಬಹುದು. ಆದ್ದರಿಂದ ಮಗು ಮಣಿಕಟ್ಟು ನೋಯುತ್ತದೆ ಎಂದಾಗ ‘ರೂಢಿಯಾದರೆ ಹೋಗುತ್ತದೆ’ ಎಂದು ಸಮಾಧಾನ ಹೇಳುವ ತರಬೇತುದಾರರನ್ನು ನಾನು ನಂಬುವುದಿಲ್ಲ. ಕಾಲು ಅಗಲಿಸುವುದನ್ನು ಕಲಿಸುವ ನೆಪದಲ್ಲಿ, ಅಳುವ ಮಗುವಿನ ತೊಡೆಯನ್ನು ಒತ್ತಿ ಹಿಡಿಯುವವರನ್ನಂತೂ ಇನ್ನೂ ನಂಬುವುದಿಲ್ಲ.

ಪಾದ ಚಪ್ಪಟೆಯಾಗಿದ್ದರೆ ಸೇರಿಸಬಹುದೇ ಎಂದು ಕೇಳುವವರೂ ಇದ್ದಾರೆ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ (ಓಡಿಬಂದು ಮೇಜಿನಂಥ ಸಾಧನದ ಮೇಲೆ ಕೈಯೂರಿ ನೆಗೆಯುವ) ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ ಪಡೆದ ತ್ರಿಪುರದ ದೀಪಾ ಕರ್ಮಾಕರ್ ಅವರದೂ ಚಪ್ಪಟೆ ಪಾದವೇ.

ಇಷ್ಟೆಲ್ಲ ಹೇಳಿದರೂ, ಕ್ಷಮತೆಯ ಒಂದು ಭಾಗವನ್ನು ಈ ತರಬೇತಿ ಪೂರ್ತಿ ತುಂಬಿಕೊಡಲಾರದು. ಜಿಮ್ನಾಸ್ಟಿಕ್ಸ್ ಎಂದರೆ ಕೆಲವೇ ಕ್ಷಣಗಳ ತೀವ್ರ ಶ್ರಮ, ಬಳಿಕ ಸರದಿಗಾಗಿ ಕಾಯುವುದು. ಹೃದಯ ಶ್ವಾಸಕೋಶಗಳ ದಮ್ಮು ಇದರಿಂದ ಅಷ್ಟಾಗಿ ಬೆಳೆಯುವುದಿಲ್ಲ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆಯೂ, ಅದರಲ್ಲಿ ವಾರಕ್ಕೆ ಕನಿಷ್ಠ 3 ದಿನ ಸ್ನಾಯು, ಎಲುಬುಗಳನ್ನು ಬಲಪಡಿಸುವ ಕಸರತ್ತೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ತರಗತಿಯಿಲ್ಲದ ದಿನ ನಮ್ಮ ಹುಡುಗಿ ಕುಂದವಾಡ ಕೆರೆಯ ಕಡೆ ಓಡುತ್ತಾಳೆ, ಇಲ್ಲವೇ ಓಣಿಯಲ್ಲಿ ಕುಂಟೆಬಿಲ್ಲೆ ಆಡುತ್ತಾಳೆ.

ಸೇರಿಸಲು ಹೊರಟವರು ಶುಲ್ಕ ವಿಚಾರಿಸುವ ಮೊದಲು ನೆಲಹಾಸನ್ನು ಮುಟ್ಟಿ ನೋಡಬೇಕು. ಸಿಮೆಂಟ್ ನೆಲಕ್ಕೆ ತೆಳುವಾದ ಜಮಖಾನ ಹಾಸಿ ಲಾಗ ಕಲಿಸುವ ಕಡೆಯಿಂದ ನಾವು ಹಾಗೆಯೇ ಹಿಂದಿರುಗಿ ಬಂದೆವು.